ಬೋಲ್ಟಿನ ಮುಖದ ಹಿತ್ತಾಳೆ ಗುರುತು

ಫೋನ್ ಬಂದಾಗ ನಾನು ಪಾವಗಡದ ಕಡೆ ಒಂದು ಠಾಣೆಯ ಹಿಂದಿನ ಜಗಲಿಯ ಮೇಲೆ ಬಂದೂಕುಗಳನ್ನು ಹರಡಿಕೊಂಡು ಕೂತಿದ್ದೆ. ಪೊಲೀಸ್ ಇಲಾಖೆಯಲ್ಲಿ ನಾನು ಆರ್ಮರರ್. ಠಾಣೆಯಿಂದ ಠಾಣೆಗೆ ಹೋಗಿ ಬಂದೂಕುಗಳನ್ನು ಬಿಚ್ಚಿ ನೋಡುವುದು, ಕೆಟ್ಟಿದ್ದನ್ನು ಸರಿಪಡಿಸುವುದು, ಸರಿಯಾಗದ್ದನ್ನು ಬದಿಗಿಡುವುದು ನನ್ನ ಕೆಲಸ. ಕೈಯೆಲ್ಲ ಎಣ್ಣೆಯಾಗಿರುವಾಗ ಫೋನ್ ಬಂದರೆ ನನಗೆ ಸಿಟ್ಟು ಬರುತ್ತದೆ, ಅವತ್ತೂ ಬಂತು. ಪಕ್ಕದಲ್ಲಿದ್ದ ಪೇದೆ ಫೋನನ್ನು ನನ್ನ ಕಿವಿಗೆ ಹಿಡಿದ. “ಏನ್ರೀ, ಬೇಗ ಹೇಳಿ” ಎಂದೆ.

“ಮೇಡಂ, ನಮ್ ದಫೇದಾರ್ರು ತೀರ್ಕೊಂಬುಟ್ರು” ಎಂದಿತು ಆ ಕಡೆಯ ದನಿ.

ಮಾತಾಡಿದವನ ಊರು ಸಿರಾ, ನಾವೆಲ್ಲ ಕರೆಯುವುದು ಸಿರಾದ ಪೇದೆ ಎಂದೇ. ಕೊರಟಗೆರೆಯ ಆಚೀಚೆ ಇರುವ ಒಂದು ಠಾಣೆಯಲ್ಲಿ (ಹೆಸರು ಬೇಡ) ದಫೇದಾರರೂ ಈತನೂ ಸೇರಿ ವರ್ಷಾನುಗಟ್ಟಲೆ ಬಂದೂಕಿನ ಕೋಣೆ ಕಾದಿದ್ದರು. ಹೆಡ್ ಕಾನ್‌ಸ್ಟೇಬಲ್‌ಗಳನ್ನು ನಮ್ಮ ಕಡೆ ಈಗಲೂ ದಫೇದಾರರು ಎಂದೇ ಕರೆಯುತ್ತಾರೆ. ಬಂದೋಬಸ್ತಿನ ಡ್ಯೂಟಿಯಲ್ಲಿ ನಿಂತಿದ್ದವರು ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಡ್ಯೂಟಿಯಲ್ಲೇ ಹೋದವರಾದ್ದರಿಂದ ಪೊಲೀಸ್ ಗೌರವದೊಂದಿಗೆ ಮಣ್ಣು ಮಾಡಬೇಕೆಂದು ಆದೇಶವಾಗಿತ್ತು. ನಾಳೆ ಕೊಳಾಲದ ಆಚೆ ಅವರ ಊರಿನಲ್ಲಿ ಮೂರು ಸುತ್ತು ಗುಂಡು ಹಾರಿಸಬೇಕು.

“ನೀವೇ ಬಂದು ಬಂದೂಕು ನೋಡ್ಬುಡಿ ಮೇಡಂ” ಎಂದ ಆತ. “ಅವ್ರದ್ದೇ ಕೋಣೆ ಬಂದೂಕು. ಅವ್ರಿಗೇ ಹೊಡೀಬೇಕು.” ಅಷ್ಟು ಹೇಳಿ ಅಳತೊಡಗಿದ.

ನನ್ನ ಪಕ್ಕದಲ್ಲಿದ್ದ ಪಾವಗಡದ ಪೇದೆಗೂ ಕೇಳಿಸಿತ್ತು. “ಅಯ್ಯೋ ಪಾಪಂ, ಮಂಚಿ ಮನಿಷಿ ಮೇಡಂ, ಬಾಳ ಒಳ್ಳೇರು. ಇಲ್ಲಿದ್ದಾಗ ನಂಗೆ ಬೋಲ್ಟ್ ಬಿಚ್ಚೋದು ಆಯನೇ ಕಲ್ಸಿದ್ದು” ಎಂದು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ನನಗೆ ಮುಂದೆ ಕೆಲಸ ಓಡಲಿಲ್ಲ. ಬಿಚ್ಚಿದ್ದಷ್ಟನ್ನು ಜೋಡಿಸಿ ಎದ್ದೆ.

ಬಂದೂಕು ಕಾಯುವವರಲ್ಲಿ ನನ್ನಿಂದ ಬೈಸಿಕೊಳ್ಳದವರು ಕಡಿಮೆ. ದಫೇದಾರರು ಆ ಕೆಲವರಲ್ಲಿ ಒಬ್ಬರು. ಕಾವಲಿಗೆ ಈಗ ಹೊಸ ಬಂದೂಕುಗಳು ಬಂದಿವೆ. ಹಳೆಯ ತ್ರೀ ನಾಟ್ ತ್ರೀಗಳು ಪರೇಡಿಗೆ, ಗೌರವ ವಂದನೆಗೆ ಮಾತ್ರ ಹೊರಗೆ ಬರುತ್ತವೆ. ಅವುಗಳ ಹಿಡಿಯ ಬುಡಕ್ಕೆ ಹಿತ್ತಾಳೆಯ ಪಟ್ಟಿ ಇರುತ್ತದೆ. ದಫೇದಾರರು ಆ ಪಟ್ಟಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಮನೆಯ ಹಿತ್ತಾಳೆ ಬಿಂದಿಗೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದರು. ಸಾಲಾಗಿ ನಿಲ್ಲಿಸಿದ ಬಂದೂಕುಗಳ ಬುಡ ಬಾಗಿಲಿನಿಂದಲೇ ಹೊಳೆಯುತ್ತಿತ್ತು. ಬಂದವರೆಲ್ಲ “ಏನ್ ದಫೇದಾರ್ರೆ, ಸಾರಿಗೆ ಹುಣಸೆಹಣ್ಣು ಉಳಿಸಿದೀರೋ ಇಲ್ವೋ?” ಎಂದು ರೇಗಿಸುತ್ತಿದ್ದರು. ಅವರು ನಗುತ್ತಿರಲಿಲ್ಲ. “ಹುಣಸೆಹಣ್ಣು ಹಿಂದಕ್ಕೆ ಕಣಮ್ಮ. ಮುಂದಕ್ಕೆ ಎಣ್ಣೆ ಬಟ್ಟೆ, ಅಷ್ಟೇಯ” ಎಂದು ನನಗೆ ಗಂಭೀರವಾಗಿ ಹೇಳುತ್ತಿದ್ದರು.

ಇನ್ನೊಂದು ಪದ್ಧತಿ ಅವರದ್ದು. ಗುಂಡನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ದಂಡವೇ ಬೋಲ್ಟ್. ಆ ಬಂದೂಕಿನ ಬೋಲ್ಟಿಗೆ ತುದಿಯಲ್ಲಿ ಒಂದು ಸಣ್ಣ ತಲೆ ಇರುತ್ತದೆ, ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಗುಂಡಿನ ಹಿಂಭಾಗಕ್ಕೆ ಒತ್ತಿಕೊಂಡು ನಿಲ್ಲುವುದು ಅದರ ಮುಖ. ನಡುವೆ ಒಂದು ತೂತು, ಅದರೊಳಗಿಂದ ಪಿನ್ ಬಂದು ಗುಂಡಿನ ಬುಡದ ಕ್ಯಾಪಿಗೆ ಹೊಡೆದು ಮದ್ದು ಸಿಡಿಸುತ್ತದೆ. ಬೋಲ್ಟಿನ ಮೈಮೇಲೆ ಬಂದೂಕಿನ ನಂಬರ್ ಇದೆ. ತಲೆಯ ಮೇಲೆ ಇಲ್ಲ. ನೋಡಲು ಎಲ್ಲ ಒಂದೇ, ಉದ್ದದಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸ. ಆ ವ್ಯತ್ಯಾಸದ ಮೇಲೆಯೇ ಬಂದೂಕು ಹೊಡೆಯುವುದು, ಹೊಡೆಯದಿರುವುದು ನಿಂತಿದೆ. ಆದ್ದರಿಂದ ದಫೇದಾರರು ಒಂದೊಂದು ಬಂದೂಕಿನ ಬುಡದಲ್ಲೂ ಒಂದೊಂದು ತೆಂಗಿನ ಚಿಪ್ಪು ಇಟ್ಟಿದ್ದರು. ಬಿಚ್ಚಿದ ತಲೆ ಆ ಚಿಪ್ಪಿಗೇ ಹೋಗಬೇಕು. ಇನ್ನೊಂದರಲ್ಲಿ ಕೈಯಾಡಿಸಿದರೆ, “ಲೇ, ಅದು ಅದರ ತಟ್ಟೆ ಕಣ್ಲಾ, ಬುಡು” ಎಂದು ಗದರುತ್ತಿದ್ದರು.

ಮಾರನೆಯ ಬೆಳಿಗ್ಗೆ ಮಧುಗಿರಿಯ ಮೇಲೆ ಹಾದು ಠಾಣೆ ಮುಟ್ಟಿದೆ. ಹಿಂದಿನ ಬಯಲಿನಲ್ಲಿ ಗುಂಡು ಹಾರಿಸುವ ಪೇದೆಗಳು ಸಾಲಾಗಿ ನಿಂತು ಅಭ್ಯಾಸಕ್ಕೆ ತಯಾರಾಗಿದ್ದರು. ಬಂದೂಕುಗಳನ್ನು ನೋಡಿ ನನಗೇ ಆಶ್ಚರ್ಯವಾಯಿತು. ಒಂದು ಚುಕ್ಕೆ ಧೂಳಿಲ್ಲ, ಹಿತ್ತಾಳೆ ಪಟ್ಟಿ ಥಳಥಳ ಎನ್ನುತ್ತಿತ್ತು. ಸಿರಾದ ಪೇದೆಯ ಕಣ್ಣು ಕೆಂಪಾಗಿ ಊದಿಕೊಂಡಿತ್ತು. “ಎಲ್ಲಾ ನಾವೇ ಸೇರಿ ಕ್ಲೀನ್ ಮಾಡಿದ್ವಿ ಮೇಡಂ. ಅವ್ರು ನೋಡಿದ್ರೆ ಖುಷ್ ಆಗ್ಬೇಕು, ಹಂಗೆ” ಎಂದ. ದಫೇದಾರರು ಪರೇಡಿನಲ್ಲಿ ಹಿಡಿಯುತ್ತಿದ್ದ ಬಂದೂಕನ್ನು ಆತನೇ ಹಿಡಿದಿದ್ದ. ಅದೇ ಬಂದೂಕು ಸಾಲಿನಲ್ಲಿರಬೇಕು ಎಂಬುದು ಮನೆಯವರ ಆಸೆಯಂತೆ.

ಇನ್‌ಸ್ಪೆಕ್ಟರ್ ಸಾಹೇಬರು ಕೈ ಎತ್ತಿದರು. ಅಭ್ಯಾಸಕ್ಕೂ ವಂದನೆಗೂ ಬಳಸುವುದು ಸದ್ದು ಮಾತ್ರ ಬರುವ ಬ್ಲ್ಯಾಂಕ್ ಗುಂಡು. ಎಲ್ಲ ಬಂದೂಕುಗಳೂ ಸಿಡಿದವು. ದಫೇದಾರರ ಬಂದೂಕು ಮಾತ್ರ ಟಿಕ್ ಎಂದಿತು.

ಸ್ವಲ್ಪ ಹೊತ್ತು ಕಾದು, ಗುಂಡನ್ನು ಹೊರಗೆ ತೆಗೆಸಿ ನೋಡಿದೆ. ಕ್ಯಾಪಿನ ಮೇಲೆ ಪಿನ್ನಿನ ಗುರುತು ಬಿದ್ದಿತ್ತು, ಆದರೆ ತೀರಾ ಆಳವಿಲ್ಲದ ತಗ್ಗು. ಬೇರೆ ಗುಂಡು ಹಾಕಿಸಿದೆ. ಮತ್ತೆ ಟಿಕ್. ಸಾಲಿನ ಕೊನೆಯಲ್ಲಿದ್ದ ಪೇದೆ, “ಮೇಡಂ, ನಂದು ಬೋಲ್ಟ್ ಮುಚ್ಚೋಕೇ ಗಟ್ಟಿ ಆಗ್ತದೆ” ಎಂದ. “ನಿಂದು ಆಮೇಲೆ ನೋಡ್ತೀನಿ, ಸುಮ್ನಿರಪ್ಪ” ಎಂದು ಅವನ ಬಾಯಿ ಮುಚ್ಚಿಸಿದೆ. ಬ್ಲ್ಯಾಂಕ್ ಗುಂಡಿನ ಮೈ ಕೆಲವೊಮ್ಮೆ ಉಬ್ಬಿರುತ್ತದೆ, ಅದಿರಬೇಕು ಎಂದುಕೊಂಡೆ.

ಪೆಟ್ಟಿಗೆಯಿಂದ ಗೇಜುಗಳನ್ನು ತೆಗೆದೆ. ಇವು ಗುಂಡಿನ ಹಿಂಭಾಗದ ಆಕಾರದ ಉಕ್ಕಿನ ತುಂಡುಗಳು. ಮೊದಲನೆಯದನ್ನು ಒಳಗಿಟ್ಟರೆ ಬೋಲ್ಟ್ ಮುಚ್ಚಿಕೊಳ್ಳಬೇಕು. ಎರಡನೆಯದು ತುಸು ದಪ್ಪ, ಅದನ್ನಿಟ್ಟರೆ ಮುಚ್ಚಿಕೊಳ್ಳಬಾರದು. ಮುಚ್ಚಿಕೊಂಡರೆ ಮುಖಕ್ಕೂ ಗುಂಡಿಗೂ ನಡುವೆ ಜಾಗ ಹೆಚ್ಚಾಗಿದೆ ಎಂದರ್ಥ. ಪಿನ್ ಹೊಡೆದಾಗ ಗುಂಡು ಮುಂದಕ್ಕೆ ಜಾರಿ ಪೆಟ್ಟು ಸರಿಯಾಗಿ ಬೀಳುವುದಿಲ್ಲ. ದಫೇದಾರರ ಬಂದೂಕಿನಲ್ಲಿ ಎರಡನೆಯ ಗೇಜಿನ ಮೇಲೂ ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡಿತು.

“ಏನಾಗಿದೆ?” ಎಂದು ಸಾಹೇಬರು ಕೇಳಿದರು.

“ಮುಖದ ಹತ್ರ ಜಾಗ ಜಾಸ್ತಿ ಇದೆ ಸಾರ್. ಸವೆದಿರೋ ಹಾಗೆ ತೋರಿಸ್ತಿದೆ” ಎಂದೆ. ಗೇಜು ತೋರಿಸಿದ್ದನ್ನು ಹೇಳಿದೆ, ಅಷ್ಟೇ. ಸಾಲಿನಲ್ಲಿದ್ದವರಲ್ಲಿ ಯಾರೋ, “ಸವೀದೆ ಏನ್ಮಾಡ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ” ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ವರ್ಷಗಟ್ಟಲೆ ಆಡಿದ ತಮಾಷೆ ಬಾಯಿಗೆ ಬಂತು. ಆದರೆ ಸಾಹೇಬರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. “ಬೋಲ್ಟಿಗೂ ಹುಣಸೆಹಣ್ಣು ಹಾಕ್ತಿದ್ರಾ? ಹಾಗಿದ್ರೆ ಅವರೇ ಬಂದೂಕು ಹಾಳು ಮಾಡಿದ ಹಾಗಾಯ್ತಲ್ರೀ. ನಾನು ಮೇಲಕ್ಕೆ ಬರೀಬೇಕಾಗುತ್ತೆ” ಎಂದರು.

ಸಾಹೇಬರ ಅನುಮಾನ ಸುಮ್ಮಸುಮ್ಮನೆ ಬಂದದ್ದಲ್ಲ. ಗುಂಡಿನ ಹಿತ್ತಾಳೆ ಒತ್ತಿ ಒತ್ತಿ ಬೋಲ್ಟಿನ ಮುಖದ ಮೇಲೆ ಹಳದಿ ಗುರುತು ಕೂರುತ್ತದೆ. ಅದು ಕೊಳೆ ಎಂದುಕೊಂಡು ಮರಳು ಕಾಗದ ಹಿಡಿದು ಮುಖವನ್ನೇ ತೇಯ್ದವರನ್ನು ನಾನು ಕಂಡಿದ್ದೇನೆ. ಹಿತ್ತಾಳೆ ಕಂಡರೆ ಹುಣಸೆಹಣ್ಣಿಗೆ ಕೈ ಹೋಗುವುದು ನಮ್ಮ ಸೀಮೆಯಲ್ಲಿ ಹೊಸತೇನಲ್ಲ. ಉಕ್ಕಿಗೆ ಆ ಹುಳಿ ತಾಗಿ ಉಳಿದರೆ ತುಕ್ಕು ತಿಂದು ಹಾಕುತ್ತದೆ. ದಫೇದಾರರು ಹಾಗೆ ಮಾಡುವವರಲ್ಲ ಎಂದು ಮನಸ್ಸು ಹೇಳುತ್ತಿತ್ತು. ಗೇಜು ಬೇರೆ ಹೇಳುತ್ತಿತ್ತು.

ಅಷ್ಟರಲ್ಲಿ ಹಿಂದೆ ಯಾರೋ ನಿಂತ ಹಾಗಾಗಿ ತಿರುಗಿದೆ. ದಫೇದಾರರ ಮಗಳು. ಪ್ರೈಮರಿ ಶಾಲೆಯ ಟೀಚರ್. ಅಪ್ಪನ ಎದೆಯ ಮೇಲಿಡಲು ಟೋಪಿ, ಬೆಲ್ಟು ಬೇಕೆಂದು ಠಾಣೆಗೆ ಬಂದಿದ್ದರು. ಅವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ನಮ್ಮಪ್ಪ ಬಂದೂಕು ಹಾಳ್ಮಾಡಿದ್ರು ಅಂತಾರಲ್ಲ, ನಿಜವಾ ಮೇಡಂ?”

“ಇನ್ನೂ ಬಿಚ್ಚಿ ನೋಡಿಲ್ಲ ಕಣಮ್ಮ” ಎಂದೆ.

“ನೋಡಿ. ನೋಡಿ ಏನಿದ್ರೂ ಹೇಳಿ. ಹೌದು ಅಂದ್ರೆ ಹೌದು ಅನ್ನಿ” ಎಂದರು. “ಆದ್ರೆ ಮಣ್ಣು ಮಾಡೋಕ್ ಮುಂಚೆ ಹೇಳ್ಬುಡಿ. ಮನೇಲಿ ಅಮ್ಮನ ಕಿವಿಗೆ ಬೀಳತ್ತೆ, ಊರಿಗೆ ಬೀಳತ್ತೆ. ಮೂವತ್ತು ವರ್ಷ ಅವ್ರು ಮಾಡಿದ್ದು ಇದೊಂದೇ ಕೆಲಸ.”

ಟೋಪಿ ಹಿಡಿದುಕೊಂಡು ಅವರು ಜೀಪು ಹತ್ತಿದರು.

ಬೆಳಕು ಚೆನ್ನಾಗಿ ಬೀಳುವ ಕಡೆ ಮೇಜು ಹಾಕಿಸಿ, ಬಿಳಿ ಬಟ್ಟೆ ಹಾಸಿ, ಬೋಲ್ಟಿನ ತಲೆಯನ್ನು ತಿರುಗಿಸಿ ಬಿಚ್ಚಿದೆ. ಮೇಲಿನ ಎಣ್ಣೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ತೆಗೆದೆ, ಉಜ್ಜಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಗುಂಡಿನ ಬುಡದ ಅಳತೆಗೆ ಸರಿಯಾಗಿ ಒಂದು ಉಂಗುರದಂಥ ಗುರುತು, ಅದರ ಮೇಲೆ ತೆಳ್ಳಗೆ ಹಿತ್ತಾಳೆ. ತೂತಿನ ಸುತ್ತ ಕ್ಯಾಪ್ ಒತ್ತಿದ ಇನ್ನೊಂದು ಸಣ್ಣ ಉಂಗುರ. ಅಂಚಿನ ಸಂದಿಯಲ್ಲಿ ಮದ್ದಿನ ಹಳೆಯ ಕಪ್ಪು. ತೂತಿನ ಬಾಯಿ ಕೊರೆದಾಗ ಹೇಗಿತ್ತೋ ಹಾಗೇ ಚೂಪಾಗಿತ್ತು. ಮುಖವನ್ನು ತೇಯ್ದಿದ್ದರೆ ಮೊದಲು ದುಂಡಗಾಗುವುದು ಆ ಬಾಯಿ, ಮೊದಲು ಹೋಗುವುದು ಆ ಹಿತ್ತಾಳೆ. ಒಂದು ಗೀರಿಲ್ಲ, ತುಕ್ಕು ತಿಂದ ಗುಳಿಯಿಲ್ಲ. ವರ್ಷಗಟ್ಟಲೆ ಗುಂಡು ಹೊಡೆದ, ಎಣ್ಣೆ ಬಟ್ಟೆಯನ್ನು ಬಿಟ್ಟು ಇನ್ನೇನನ್ನೂ ಕಾಣದ ಬಂದೂಕಿನ ಸಹಜ ಸವೆತ ಅದು.

ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಒಂದು ಗಳಿಗೆ ಮಾತ್ರ. ಮುಖ ತೇಯ್ದಿಲ್ಲ ಅಂದರೆ ಜಾಗ ಹೆಚ್ಚಾದದ್ದು ಹೇಗೆ? “ತಿಕ್ಕಿಲ್ಲ” ಎಂದು ನಾನು ಹೇಳಬಹುದು. “ಮತ್ತೆ ಯಾಕೆ ಹೊಡೀಲಿಲ್ಲ?” ಎಂದು ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಭೂತಗನ್ನಡಿಯನ್ನು ಮತ್ತೆ ಹಿಡಿದೆ. ಆಗ ನನಗೆ ಕಾಣಿಸಿದ್ದು, ಅಲ್ಲಿ ಇರಬೇಕಾದದ್ದು ಇಲ್ಲದಿರುವುದು.

ದಫೇದಾರರ ಬಂದೂಕಿನ ಮುಖ ನನಗೆ ಗೊತ್ತು. ಹಿಂದೊಮ್ಮೆ ಸಿರಾ ಕಡೆ ಗುರಿ ಅಭ್ಯಾಸದಲ್ಲಿ ಅದರಲ್ಲಿ ಒಂದು ಗುಂಡಿನ ಕ್ಯಾಪ್ ತೂತಾಗಿ, ಬಿಸಿ ಗಾಳಿ ಹಿಂದಕ್ಕೆ ಹೊಡೆದು, ತೂತಿನ ಪಕ್ಕದಲ್ಲಿ ಸಾಸಿವೆಯಷ್ಟೂ ಇಲ್ಲದ ಗುಳಿ ಬಿದ್ದಿತ್ತು. ಪ್ರತಿ ವರ್ಷ ನಾನು ಅದನ್ನು ನೋಡುತ್ತಿದ್ದೆ. ಪ್ರತಿ ವರ್ಷ ದಫೇದಾರರು, “ಬೆಳೆದೈತಾ ಮೇಡಮ್ಮ?” ಎಂದು ಕೇಳುತ್ತಿದ್ದರು. “ಇಲ್ಲ ಬಿಡಿ, ಇನ್ನೂ ನಿಮ್ಮ ಕಾಲದವರೆಗೂ ಬರುತ್ತೆ” ಎನ್ನುತ್ತಿದ್ದೆ. ಈಗ ನನ್ನ ಕೈಯಲ್ಲಿದ್ದ ಮುಖದ ಮೇಲೆ ಆ ಗುಳಿ ಇರಲಿಲ್ಲ.

ಇದು ಆ ಬಂದೂಕಿನ ತಲೆಯೇ ಅಲ್ಲ.

ಎದ್ದು ಬಂದೂಕಿನ ಕೋಣೆಗೆ ಹೋದೆ. ನೆಲ ಗುಡಿಸಿ ಒರೆಸಿ ಕನ್ನಡಿಯಾಗಿತ್ತು. ಸಾಲಿನ ಬುಡದಲ್ಲಿ ಒಂದೂ ಚಿಪ್ಪಿರಲಿಲ್ಲ. ಹಿತ್ತಲ ಬಾಗಿಲು ತೆಗೆದೆ. ಗೋಡೆಯ ಪಕ್ಕದ ಕಸದ ಗುಡ್ಡೆಯಲ್ಲಿ, ಒಣಗಿದ ಎಲೆಗಳ ನಡುವೆ, ಎಣ್ಣೆ ಹೀರಿ ಕಪ್ಪಾದ ತೆಂಗಿನ ಚಿಪ್ಪುಗಳು ಬಿದ್ದಿದ್ದವು. ಪಕ್ಕದಲ್ಲಿ ಒಂದು ದೊಡ್ಡ ಬೋಗುಣಿ, ತಳದಲ್ಲಿ ಸ್ವಲ್ಪ ಸೀಮೆಎಣ್ಣೆ.

ಸಿರಾದ ಪೇದೆಯನ್ನು ಕರೆದೆ. ಕೂಗಾಡಬೇಕೆಂದುಕೊಂಡೇ ಕರೆದದ್ದು, ಮೈ ಉರಿಯುತ್ತಿತ್ತು. ಆತನ ಮುಖ ನೋಡಿ ದನಿ ತಾನಾಗಿಯೇ ಇಳಿಯಿತು. “ತಲೆಗಳನ್ನೆಲ್ಲ ಬಿಚ್ಚಿದ್ರಾ?” ಎಂದು ಕೇಳಿದೆ.

“ಹೌದು ಮೇಡಂ. ಎಲ್ಲಾ ಬಿಚ್ಚಿ ಬೋಗುಣೀಲಿ ನೆನೆಹಾಕಿದ್ವಿ. ಒಂದು ಚೂರು ಮಸಿ ಇರ್ಬಾರ್ದು ಅಂತ.”

“ಎಲ್ಲಾ ಒಂದೇ ಬೋಗುಣೀಲಿ?”

ಆತ ಬೋಗುಣಿ ನೋಡಿದ. ಚಿಪ್ಪುಗಳನ್ನು ನೋಡಿದ. ಹೆಚ್ಚು ಹೇಳಬೇಕಾಗಲಿಲ್ಲ. ಕಸದ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. “ಯಾ ಅಲ್ಲಾ… ಜಿಲ್ಲಾ ಆಫೀಸಿಂದ ದೊಡ್ಡ ಸಾಹೇಬ್ರು ಬರ್ತಾರೆ, ಚಿಪ್ಪು ಕಂಡ್ರೆ ಕಸ ಅಂತಾರೆ ಅಂದ್ಕೊಂಡು ನಾನೇ ಎಸೆದೆ ಮೇಡಂ. ನನ್ ಕೈಯಾರೆ. ದಿನಾ ಬೈತಿದ್ರು, ಅದರ ತಟ್ಟೆ ಅದಕ್ಕೆ ಅಂತ. ಅವ್ರು ಹೋದ ಸಂಜೇನೇ ನಾನು…” ಅಂಗೈಯಿಂದ ಹಣೆ ಹಣೆ ಹೊಡೆದುಕೊಂಡ. ಬೋಗುಣಿಯಲ್ಲಿ ತೊಳೆದದ್ದು ದುಃಖಕ್ಕೆ, ಅವರ ಮೇಲಿನ ಪ್ರೀತಿಗೆ.

ಸಾಹೇಬರಿಗೆ ಎಲ್ಲವನ್ನೂ ವಿವರಿಸಿದೆ. ಮುಖದ ಗುರುತುಗಳನ್ನು ಭೂತಗನ್ನಡಿಯಲ್ಲಿ ತೋರಿಸಿದೆ. ಅವರು ಸಾವಧಾನವಾಗಿ ನೋಡಿ ಒಪ್ಪಿಕೊಂಡರು. “ಸದ್ಯ. ನನಗೂ ಆ ಮನುಷ್ಯ ಬೇಕಾದವರೇ ಕಣ್ರೀ” ಎಂದರು. ಆಮೇಲೆ ಗಡಿಯಾರ ನೋಡಿದರು. “ಈಗ ಹೀಗೆ ಮಾಡೋಣ. ಅವರ ಬಂದೂಕು ಇಲ್ಲೇ ಇರಲಿ. ಉಳಿದವು ಹೇಗೂ ಹೊಡೆದವಲ್ಲ, ಅವನ್ನ ತಗೊಂಡು ಹೊರಡೋಣ. ಜನ ಬಿಸಿಲಲ್ಲಿ ಕಾಯ್ತಿದ್ದಾರೆ, ದೊಡ್ಡ ಸಾಹೇಬರು ಹೊರಟಾಗಿದೆ.”

ಅದೇನೂ ತಪ್ಪು ಮಾತಾಗಿರಲಿಲ್ಲ. ನನಗೂ ಒಂದು ಕ್ಷಣ ಹೂಂ ಅಂದುಬಿಡೋಣ ಎನ್ನಿಸಿತು. ಮಗಳಿಗೆ ಹೇಳಬೇಕಾದ ಮಾತು ಸಿಕ್ಕಿತ್ತು. ಆದರೆ ಬೋಗುಣಿ ಕಣ್ಣ ಮುಂದೆ ಬಂತು. ಒಂದು ಬಂದೂಕಿನ ತಲೆ ಅದಲುಬದಲಾಗಿದ್ದರೆ ಇನ್ನೊಂದರದ್ದೂ ಆಗಿರಲೇಬೇಕು. ಒಂದು ಸಲ ಹೊಡೆದದ್ದು ಮೂರು ಸಲ ಹೊಡೆಯುತ್ತದೆಂದು ನಂಬುವ ಹಾಗಿಲ್ಲ. ಜಾಗ ಹೆಚ್ಚಾದ ಕಡೆ ಗುಂಡಿನ ಹಿತ್ತಾಳೆ ಸೀಳಿದರೆ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಅಲ್ಲಿ ಹೊಡೆಯುವವನ ಕಣ್ಣಿರುತ್ತದೆ.

“ಆಗಲ್ಲ ಸಾರ್” ಎಂದೆ. “ಎಲ್ಲಾ ಬಂದೂಕಿನ ತಲೆ ಬಿಚ್ಚಿ ಜೋಡಿಸಬೇಕು. ಅಲ್ಲಿವರೆಗೂ ಒಂದನ್ನೂ ಹೊರಗೆ ಬಿಡಲ್ಲ.”

“ಸಾವಿನ ಮನೇರೀ ಅದು. ಎಷ್ಟು ಹೊತ್ತು ಹೆಣ ಇಟ್ಕೊಂಡು ಕೂರ್ತಾರೆ?”

“ಸರಿ ಅಂತ ನಾನು ಬಾಯಿಬಿಟ್ಟು ಹೇಳ್ದೆ ಬಂದೂಕು ಹೋಗೋ ಹಾಗಿಲ್ಲ ಸಾರ್. ಹೇಳಲ್ಲ. ನನ್ನ ಮೇಲೆ ಏನು ಬರ್ಕೋಬೇಕೋ ಬರ್ಕೊಳ್ಳಿ.”

ಅಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ. ನನ್ನ ಬಾಯಿಯೇ ಹಾಗೆ. ಸಾಹೇಬರ ಮುಖ ಬಿಗಿಯಿತು. ಮಧುಗಿರಿಯಿಂದ ಬೇರೆ ಬಂದೂಕು ತರಿಸಿದರೆ ಎಷ್ಟು ಹೊತ್ತಾಗುತ್ತದೆಂದು ಫೋನಿನಲ್ಲಿ ಕೇಳಿದರು. ಅದೂ ಬೇಗ ಆಗುವಂತಿರಲಿಲ್ಲ. ಕೊನೆಗೆ ದೂರ ಹೋಗಿ ನಿಂತು ಊರಿಗೆ ಫೋನ್ ಮಾಡಿದರು. ತಿರುಗಿ ಬಂದು, “ಆ ಹುಡುಗಿಯೇ ಮಾತಾಡಿದಳು. ಮೇಡಂ ನೋಡೋವರೆಗೂ ಕಾಯ್ತೀವಿ ಅಂದಳು. ಮಾಡಿ” ಎಂದರು.

ಕಸದ ಗುಡ್ಡೆಯಿಂದ ಚಿಪ್ಪುಗಳನ್ನು ಆಯ್ದು ತರಲು ಸಿರಾದ ಪೇದೆಗೆ ಹೇಳಿದೆ. ಆತ ಒಂದೊಂದನ್ನೂ ತನ್ನ ಕರ್ಚೀಫಿನಲ್ಲಿ ಒರೆಸಿ ಬಂದೂಕಿನ ಬುಡಕ್ಕೆ ಇಟ್ಟ. ತಲೆಗಳನ್ನೆಲ್ಲ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟೆ. ದಫೇದಾರರ ಬಂದೂಕಿನದು ಮೊದಲು ಸಿಕ್ಕಿತು. ಬೋಲ್ಟ್ ಗಟ್ಟಿಯಾಗುತ್ತದೆ ಎಂದು ಒಬ್ಬ ಹೇಳಿದ್ದನಲ್ಲ, ಬಾಯಿ ಮುಚ್ಚಿಸಿದ್ದೆನಲ್ಲ, ಅವನ ಬಂದೂಕಿನಲ್ಲೇ ಇತ್ತು. ತೂತಿನ ಪಕ್ಕದಲ್ಲಿ ಸಾಸಿವೆಯಷ್ಟೂ ಇಲ್ಲದ ಆ ಗುಳಿ. ಅದರ ಸುತ್ತ ಹಿತ್ತಾಳೆ. ಅದನ್ನು ಅದರ ಬೋಲ್ಟಿಗೆ ತಿರುಗಿಸಿ ಕೂರಿಸಿ ಗೇಜು ಹಾಕಿದೆ. ಮೊದಲನೆಯದರ ಮೇಲೆ ಮುಚ್ಚಿಕೊಂಡಿತು. ಎರಡನೆಯದರ ಮೇಲೆ ಬೋಲ್ಟಿನ ಹಿಡಿ ಅರ್ಧಕ್ಕೇ ನಿಂತಿತು. ನನ್ನ ಕಣ್ಣು ಒದ್ದೆಯಾಯಿತು, ಎಣ್ಣೆ ಕೈಯಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಉಳಿದವು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಒಂದೊಂದು ತಲೆಯನ್ನೂ ಒಂದೊಂದು ಬೋಲ್ಟಿಗೆ ಹಾಕಿ ನೋಡಬೇಕು. ಕೆಲವು ಎರಡು ಬಂದೂಕಿಗೂ ಹೊಂದುತ್ತಿದ್ದವು. ಆಗ ತಲೆ ತಿರುಗಿ ನಿಲ್ಲುವ ಜಾಗವನ್ನೂ, ಅದರ ಪಕ್ಕೆಯ ಉಜ್ಜಿದ ಗುರುತನ್ನೂ ನೋಡಿ ತೀರ್ಮಾನ ಮಾಡಿದೆ. ಒಂದಕ್ಕೆ ಮಾತ್ರ ಯಾವ ತಲೆಯೂ ಸರಿ ಬರಲಿಲ್ಲ. ಅದು ತನ್ನದೇ ವಯಸ್ಸಿಗೆ ಸವೆದಿತ್ತು. ಕೊರಳಿಗೆ ಕೆಂಪು ಬಟ್ಟೆ ಕಟ್ಟಿ ಬದಿಗಿಟ್ಟೆ. ಮತ್ತೆ ಸಾಲು ನಿಲ್ಲಿಸಿ ಹೊಡೆಸಿದೆವು. ಟಿಕ್ ಎಂಬ ಸದ್ದು ಬರಲಿಲ್ಲ.

ಕೊಳಾಲ ದಾಟಿ ಊರು ಸೇರುವಾಗ ಹೊತ್ತು ಇಳಿಮುಖವಾಗಿತ್ತು. ಮನೆಯ ಮುಂದೆ ಶಾಮಿಯಾನ, ಒಳಗಿನ ಮೇಜಿನ ಮೇಲೆ ಬುದ್ಧನ ಪಟ, ಅದರ ಮುಂದೆ ಮೇಣದ ಬತ್ತಿಗಳು. ದಫೇದಾರರನ್ನು ಯೂನಿಫಾರಂನಲ್ಲಿ ಮಲಗಿಸಿದ್ದರು, ಎದೆಯ ಮೇಲೆ ಟೋಪಿ. ಬೆಲ್ಟಿನ ಹಿತ್ತಾಳೆ ಬಕಲ್ಲು ಹೊಳೆಯುತ್ತಿತ್ತು. ದೊಡ್ಡ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಮಗಳು ಎದ್ದು ನನ್ನ ಹತ್ತಿರ ಬಂದರು.

“ನಿಮ್ಮಪ್ಪ ಹಾಳ್ಮಾಡಿಲ್ಲ ಕಣಮ್ಮ” ಎಂದೆ.

“ಎಲ್ರಿಗೂ ಕೇಳೋ ಹಂಗೆ ಹೇಳಿ ಮೇಡಂ. ಆಗ್ಲೇ ಎಲ್ಲರ ಬಾಯಲ್ಲೂ ಅದೇ ಆಗೋಗೈತೆ.”

ನಾನು ಭಾಷಣ ಮಾಡುವವಳಲ್ಲ. “ದಫೇದಾರರ ಬಂದೂಕನ್ನ ನಾನು ಬಿಚ್ಚಿ ನೋಡಿದೀನಿ. ಹಾಳಾಗಿಲ್ಲ. ಎಷ್ಟು ಸವೀಬೇಕೋ ಅಷ್ಟೇ ಸವೆದಿದೆ. ತಲೆ ಅದಲುಬದಲಾಗಿತ್ತು, ಅದು ಅವರು ಹೋದಮೇಲೆ ಆಗಿದ್ದು” ಎಂದೆ. ಅಷ್ಟಕ್ಕೆ ನಿಲ್ಲಿಸೋಣವೆ, ಯಾರು ಮಾಡಿದ್ದು ಎಂದೂ ಹೇಳಬೇಕೇ ಎಂದು ತಿಳಿಯದೆ ನಿಂತೆ. ಸಿರಾದ ಪೇದೆಯೇ ಮುಂದೆ ಬಂದ.

“ನಾನು ಮಾಡಿದ್ದು ಬೇಟಾ” ಎಂದ. “ಚಿಪ್ಪು ಎಸೆದ್ಬುಟ್ಟೆ. ಎಲ್ಲಾ ಒಟ್ಟಿಗೆ ತೊಳೆದ್ಬುಟ್ಟೆ.”

ಮಗಳು ಆತನನ್ನೇ ನೋಡುತ್ತ ನಿಂತರು. “ಅಪ್ಪ ಇದ್ದಿದ್ರೆ ನಿಮ್ಗೆ ಚೆನ್ನಾಗ್ ಬೈತಿದ್ರು ಚಾಚಾ” ಎಂದರು.

“ಬೈಲಿ ಬೇಟಾ” ಎಂದು ಆತ ದಫೇದಾರರ ಕಡೆ ತಿರುಗಿದ. “ಎದ್ದು ಬೈಲಿ.” ಆಗ ಮೊದಲ ಸಲ ಮಗಳು ಜೋರಾಗಿ ಅತ್ತರು. ಒಳಗಿನಿಂದ ತಾಯಿ ಬಂದು ತಬ್ಬಿಕೊಂಡರು.

ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿ ಮುಗಿದ ಮೇಲೆ ಹೊಲದ ಅಂಚಿನ ಗುಂಡಿಯ ಹತ್ತಿರ ಸಾಲು ನಿಂತಿತು. ಕೆಂಪು ಬಟ್ಟೆ ಕಟ್ಟಿದ ಬಂದೂಕಿನ ಜಾಗ ಖಾಲಿಯಿತ್ತು. ಮೊದಲ ಸುತ್ತಿಗೆ ಬಂದೂಕುಗಳು ಮೇಲೆದ್ದಾಗ ನಾನು ಕಣ್ಣು ಮುಚ್ಚಿದೆ. ಈ ಕೆಲಸಕ್ಕೆ ಬಂದ ಮೇಲೆ ಎಂದೂ ಹಾಗೆ ಮುಚ್ಚಿದವಳಲ್ಲ. ಎಲ್ಲವೂ ಒಂದೇ ದನಿಯಲ್ಲಿ ಸಿಡಿದವು. ಎರಡನೆಯ ಸಲವೂ, ಮೂರನೆಯ ಸಲವೂ. ದೂರದ ಹೊಲಗಳಿಂದ ಹಕ್ಕಿಗಳು ಎದ್ದವು. ಸಿರಾದ ಪೇದೆ ಬಂದೂಕನ್ನು ಇಳಿಸಿ ತಲೆ ತಗ್ಗಿಸಿ ನಿಂತ.

ಬ್ಲ್ಯಾಂಕ್ ಹೊಡೆದ ಬಂದೂಕನ್ನು ಹಾಗೇ ಇಡಬಾರದು, ಮಸಿ ಬೇಗ ಕಚ್ಚಿಕೊಳ್ಳುತ್ತದೆ. ಮಣ್ಣು ಮುಚ್ಚಿ ಜನ ಚದುರಿದ ಮೇಲೆ ಮನೆಯ ಪಕ್ಕದ ಹುಣಸೆ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತೆವು. ನಾನು ಚಿಪ್ಪುಗಳನ್ನು ಠಾಣೆಯಲ್ಲೇ ಬಿಟ್ಟು ಬಂದಿದ್ದೆ. ಏನು ಮಾಡುವುದೆಂದು ಅತ್ತಿತ್ತ ನೋಡುತ್ತಿದ್ದಾಗ ಮಗಳು ಅಡುಗೆಮನೆಯಿಂದ ಬುಟ್ಟಿಯಲ್ಲಿ ತೆಂಗಿನ ಚಿಪ್ಪು ತಂದು ನನ್ನ ಪಕ್ಕದಲ್ಲಿಟ್ಟರು. ಯಾರೂ ಕೇಳಿರಲಿಲ್ಲ. ಒಂದೊಂದನ್ನೂ ಒಂದೊಂದು ಬಂದೂಕಿನ ಬುಡಕ್ಕೆ ಅವರೇ ಇಟ್ಟುಕೊಂಡು ಹೋದರು.

“ಅಪ್ಪಂದು ಯಾವುದು ಮೇಡಂ?”

ಆ ತಲೆಯನ್ನು ಬಿಚ್ಚಿ, ಮಸಿಯನ್ನು ಎಣ್ಣೆ ಬಟ್ಟೆಯಲ್ಲಿ ಒತ್ತಿ ತೆಗೆದು ಅವರ ಅಂಗೈ ಮೇಲಿಟ್ಟೆ. ಮಸಿ ಹೋದ ಮೇಲೆ ಹಳದಿ ಗುರುತು ಮೊದಲಿನಂತೆಯೇ ಕಾಣುತ್ತಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿದರು. “ಈ ಹಳದಿ ಹೋಗಲ್ವಾ?”

“ತಿಕ್ಕಿದ್ರೆ ಹೋಗ್ತದೆ. ತಿಕ್ಕಬಾರದು. ಅದು ಕೊಳೆ ಅಲ್ಲ ಕಣಮ್ಮ.”

“ಅಪ್ಪ ತಿಕ್ಕಲಿಲ್ಲ.”

“ಒಂದು ದಿನಾನೂ ತಿಕ್ಕಲಿಲ್ಲ” ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿ ಅದನ್ನು ಚಿಪ್ಪಿನಲ್ಲಿಟ್ಟರು. ಪಕ್ಕದ ಬಂದೂಕನ್ನು ಒರೆಸುತ್ತಿದ್ದ ಪೇದೆಯೊಬ್ಬ ತನ್ನ ಕೈಲಿದ್ದ ತಲೆಯನ್ನು ಹತ್ತಿರವಿದೆಯೆಂದು ಅದೇ ಚಿಪ್ಪಿಗೆ ಹಾಕಲು ಹೋದ. ಸಿರಾದ ಪೇದೆ ಅವನ ಕೈ ಹಿಡಿದುಕೊಂಡ.

“ಲೇ, ಅದು ಅದರ ತಟ್ಟೆ ಕಣ್ಲಾ, ಬುಡು” ಎಂದ.